ಹಾಡುವವರೇ ಕಾಣೆಯಾದ ಪೆಟ್ಟಿಗೆ

ಕಳೆದ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಧಾರವಾಡದ ಸಪ್ತಾಪುರದ ನಿವೃತ್ತ ಪ್ರೊಫೆಸರರೊಬ್ಬರು ಮಾಳಮಡ್ಡಿಯ ನನ್ನ ಅಂಗಡಿಗೆ ಬಂದರು. ಕಂಕುಳಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿದ ಎರಡು ಪೆಟ್ಟಿಗೆಗಳು, ಒಂದು ಕಪ್ಪು, ಒಂದು ಬಿಳಿ. ಕೊಡೆ ಮಡಚುವ ಮೊದಲೇ ದೂರು ಶುರುವಾಯಿತು. "ಹಳೆಯ ಹಾಡುಗಳನ್ನು ಹೊಸದಾಗಿ ರಿಪೇರಿ ಮಾಡಿದ್ದಾರಂತೆ. ರಿಪೇರಿಯ ಭರದಲ್ಲಿ ಹಾಡುವವರನ್ನೇ ಕಿತ್ತುಹಾಕಿದ್ದಾರೆ ನೋಡಿ."

ಅವು 1960ರ ದಶಕದ ಇಂಗ್ಲೆಂಡಿನ ರಾಕ್ ತಂಡ ಬೀಟಲ್ಸ್‌ನ ರೀಮಾಸ್ಟರ್ ಪೆಟ್ಟಿಗೆಗಳು, ಅಂದರೆ ಹಳೆಯ ಟೇಪುಗಳನ್ನು ಹೊಸದಾಗಿ ಹದಗೊಳಿಸಿ ತಂದ ಸಿಡಿಗಳು. 2009ರ ಸೆಪ್ಟೆಂಬರ್ 9ರಂದು ಎರಡೂ ಒಟ್ಟಿಗೇ ಹೊರಬಂದಿದ್ದವು. ಕಪ್ಪು ಸ್ಟೀರಿಯೋ, ಬಿಳಿ ಮಾನೋ. ಅಮೆರಿಕದಲ್ಲಿರುವ ಮಗ ಮನೆ ಬದಲಿಸುವಾಗ ಇವನ್ನು ಅಪ್ಪನಿಗೆ ಕಳಿಸಿಕೊಟ್ಟಿದ್ದ. ಪ್ರೊಫೆಸರರು ಅದುವರೆಗೆ ಕೇಳುತ್ತಿದ್ದದ್ದು 1987ರ ಸಿಡಿಗಳನ್ನು, ಅದರಲ್ಲಿಯೂ ಮೊದಲೆರಡು ಆಲ್ಬಮ್‌ಗಳನ್ನು. ಕಾಲೇಜಿನ ದಿನಗಳ ಹಾಡುಗಳಂತೆ. ಉಳಿದವನ್ನು ಮುಟ್ಟಿದವರೇ ಅಲ್ಲ.

ನಾನು ಹೊಸ ತಟ್ಟೆಯನ್ನು ನನ್ನ ಯಂತ್ರಕ್ಕೆ ಹಾಕಿದೆ. ಹಾಡುವವರು ಇದ್ದರು, ಗಟ್ಟಿಯಾಗಿಯೇ ಇದ್ದರು. ಸಂಜೆ ಅವರ ಮನೆಗೆ ಹೋಗಿ ನೋಡಿದರೆ ಬಲಗಡೆಯ ಸ್ಪೀಕರಿನ ತಂತಿ ಹಿಂದಿನಿಂದ ಕಳಚಿ ಬಿದ್ದಿತ್ತು. ಅದರ ಮೇಲೆ ಕೂತ ಧೂಳನ್ನು ನೋಡಿದರೆ ಅದು ಬಿದ್ದು ವರ್ಷಗಳೇ ಆಗಿದ್ದವು. 1987ರಲ್ಲಿ ಮೊದಲ ನಾಲ್ಕು ಆಲ್ಬಮ್‌ಗಳನ್ನು ಸಿಡಿಗೆ ತಂದಾಗ ಮಾನೋದಲ್ಲಿಯೇ ತಂದಿದ್ದರು. ಎರಡೂ ಕಡೆ ಒಂದೇ ಸದ್ದು. ಒಂದು ಸ್ಪೀಕರ್ ಸತ್ತರೂ ಗೊತ್ತಾಗುವುದಿಲ್ಲ. ಸ್ಟೀರಿಯೋ ಪೆಟ್ಟಿಗೆಯಲ್ಲಿ ಹಾಗಲ್ಲ. ಪ್ರೊಫೆಸರರು ಕೇಳುವ ಮೊದಲೆರಡು ಆಲ್ಬಮ್‌ಗಳ ಹಾಡುಗಳನ್ನು 1963ರಲ್ಲಿ ಎರಡೇ ಟ್ರ್ಯಾಕಿನ ಟೇಪಿಗೆ ಇಳಿಸಿದ್ದರು, ಒಂದರಲ್ಲಿ ವಾದ್ಯ, ಇನ್ನೊಂದರಲ್ಲಿ ಧ್ವನಿ. ಸ್ಟೀರಿಯೋ ಮಾಡುವಾಗ ವಾದ್ಯಗಳು ಎಡಕ್ಕೆ ಹೋದವು, ಹಾಡುವವರು ಬಲಕ್ಕೆ ಹೋದರು. ಪ್ರೊಫೆಸರರ ಮನೆಯಲ್ಲಿ ಬಲಗಡೆ ಎಂಬುದೇ ಇರಲಿಲ್ಲ.

ತಂತಿ ಸಿಕ್ಕಿಸಿ ಚಹಾ ಕುಡಿದು ಏಳುವಾಗ ಅವರು ಕೇಳಿದರು: "ಎರಡರಲ್ಲಿ ಒಂದನ್ನು ಪುಣೆಯ ತಮ್ಮನ ಮಗನಿಗೆ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಯಾವುದನ್ನು ಇಟ್ಟುಕೊಳ್ಳಲಿ? ನೀವು ಕೇಳಿ ಹೇಳಿ." ಹಾಗೆ ಶುರುವಾದ ಕೆಲಸ ಇದು.

ನನ್ನ ಕಸುಬು ಹಳೆಯ ಸ್ಪೂಲ್ ಮತ್ತು ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು. ಧಾರವಾಡದ ಸುತ್ತ ಈ ಕೆಲಸಕ್ಕೆ ಬರವಿಲ್ಲ. ಮನೆಮನೆಯ ಮೈಫಿಲ್, ಮಠದ ಜಾತ್ರೆಯ ರಾತ್ರಿ ಹಾಡಿಕೆ, ಯಾರದೋ ಅಜ್ಜನ ರಿಯಾಜ್. ರಾಕ್ ಸಂಗೀತದಲ್ಲಿ ನನ್ನ ತಿಳಿವಳಿಕೆ ಸೊನ್ನೆ ಎಂದರೂ ನಡೆದೀತು. ಆದರೆ ಹಳೆಯ ಟೇಪಿಗೆ ಹೊಸ ಕೈ ಬಿದ್ದಾಗ ಏನೇನಾಗುತ್ತದೆ ಎಂಬುದು ಗೊತ್ತು. ಏಕೆಂದರೆ ಅಂಥದೊಂದನ್ನು ನಾನೇ ಕೆಡಿಸಿದ್ದೇನೆ.

ಕಂಪ್ಯೂಟರಿನ ಈ ಕೆಲಸ ಹೊಸದಾಗಿ ಕಲಿತ ಕಾಲ. ಹಾವೇರಿ ಕಡೆಯ ಒಂದು ಕುಟುಂಬ ತಮ್ಮ ಹಿರಿಯರ ಗಾಯನದ ಸ್ಪೂಲ್ ತಂದುಕೊಟ್ಟಿತ್ತು. ಟೇಪಿನ ಸುಯ್ಯೆನ್ನುವ ಸದ್ದು ಜೋರಾಗಿತ್ತು. ನಾನು ಉತ್ಸಾಹದಿಂದ ಅದನ್ನು ಉಜ್ಜಿ ಉಜ್ಜಿ ತೆಗೆದೆ. ಗಾಯಕರು ಉಸಿರು ಬಿಟ್ಟಲ್ಲಿ ಗವ್ವೆನ್ನುವ ಮೌನ, ತಂಬೂರಿಯ ಜಾಗದಲ್ಲಿ ನೀರು ಕುದಿಯುವಂಥ ಗುಳುಗುಳು. ಅವರ ಮಗಳು, ಎಪ್ಪತ್ತು ದಾಟಿದ ಅಜ್ಜಿ, ಕಣ್ಣು ಮುಚ್ಚಿ ಕೇಳಿದರು. "ಧ್ವನಿ ಅಪ್ಪನದೇ. ನಮ್ಮ ಪಡಸಾಲೆ ಎಲ್ಲಿ ಹೋಯಿತು?" ಎಂದರು. ಪುಣ್ಯಕ್ಕೆ ಮೂಲ ಪ್ರತಿ ಉಳಿದಿತ್ತು. ಮತ್ತೆ ಇಳಿಸಿಕೊಟ್ಟೆ, ಸುಯ್ ಸಮೇತ. ಅಂದಿನಿಂದ ಯಾರಾದರೂ ರೀಮಾಸ್ಟರ್ ಎಂದರೆ ಏನು ಸೇರಿಸಿದ್ದಾರೆ ಎಂದು ಕೇಳುವುದಿಲ್ಲ, ಪಡಸಾಲೆ ಉಳಿದಿದೆಯೇ ಎಂದು ನೋಡುತ್ತೇನೆ.

ಇಷ್ಟೆಲ್ಲ ಗೊತ್ತಿದ್ದೂ ಮೊದಲ ದಿನವೇ ಮೋಸಹೋದೆ. 1966ರ ರಿವಾಲ್ವರ್ ಆಲ್ಬಮ್ಮಿನ ಹಳೆಯ ಸಿಡಿ ಕೇಳಿ, ಬೆನ್ನಿಗೇ ಕಪ್ಪು ಪೆಟ್ಟಿಗೆಯದನ್ನು ಕೇಳಿದೆ. ಹೊಸದು ಹತ್ತು ಪಟ್ಟು ಚೆನ್ನ ಅನ್ನಿಸಿತು. ಬಾಸ್ ಗಿಟಾರ್ ತುಂಬಿ ಬಂತು, ಧ್ವನಿ ಎದುರಿಗೇ ನಿಂತಿತು. ಪ್ರೊಫೆಸರರಿಗೆ ಫೋನ್ ಮಾಡಲು ಕೈ ಹೋಗಿತ್ತು. ಆಮೇಲೆ ಎರಡನ್ನೂ ಕಂಪ್ಯೂಟರಿಗೆ ಇಳಿಸಿ ಅಳೆದರೆ ಹೊಸದು ಮೂರು ಡೆಸಿಬಲ್‌ಗಿಂತ ಹೆಚ್ಚು ಜೋರಾಗಿತ್ತು. ಚೆನ್ನ ಎಂದು ನನಗೆ ಅನ್ನಿಸಿದ್ದರಲ್ಲಿ ಅರ್ಧ ಬರಿಯ ಜೋರು. ಕಿವಿಯ ಗುಣವೇ ಅದು. ಒಂದೇ ಹಾಡನ್ನು ತುಸು ಜೋರಾಗಿ ಕೇಳಿಸಿದರೆ ಇದೇ ಒಳ್ಳೆಯದು ಎನ್ನುತ್ತದೆ. ಸಂತೆಯಲ್ಲಿ ದೊಡ್ಡ ಗಂಟಲಿನವನ ಮೆಣಸಿನಕಾಯಿಯೇ ಕೆಂಪಾಗಿ ಕಾಣುವ ಹಾಗೆ.

ಹಾಗಾಗಿ ಮರುದಿನದಿಂದ ಕ್ರಮವಾಗಿ ಕುಳಿತೆ. ಪ್ರತಿ ಹಾಡಿನ ಮೂರು ಪ್ರತಿಗಳನ್ನು ಇಳಿಸಿಕೊಂಡೆ: 1987ರದು, 2009ರ ಸ್ಟೀರಿಯೋ, 2009ರ ಮಾನೋ. ಮೂರರ ಸರಾಸರಿ ಜೋರನ್ನು ಅಳೆದು, ಜೋರಾಗಿದ್ದವನ್ನು ತಗ್ಗಿಸಿ ಸಮ ಮಾಡಿದೆ. ಮೆತ್ತಗಿದ್ದುದನ್ನು ಏರಿಸಬಾರದು, ಏರಿಸಿದರೆ ಡ್ರಮ್ಮಿನ ಏಟುಗಳು ಮೇಲಿನ ಮಿತಿಗೆ ಬಡಿದು ಒಡೆಯುತ್ತವೆ. ಆಮೇಲೆ ಕಡತಗಳ ಹೆಸರನ್ನು ಅ, ಆ, ಇ ಎಂದು ಬದಲಿಸಿ ಕಲಸಿಡಲು ಮಗಳಿಗೆ ಹೇಳಿದೆ. ಯಾವುದು ಯಾವುದೆಂಬ ಚೀಟಿ ಅವಳ ಕಂಪಾಸ್ ಪೆಟ್ಟಿಗೆಯಲ್ಲಿ. ಕೇಳುವುದು ಬೆಳಗಿನ ಐದೂವರೆಯಿಂದ ಏಳರ ತನಕ ಮಾತ್ರ. ಏಳಕ್ಕೆ ಪಕ್ಕದ ಹಿಟ್ಟಿನ ಗಿರಣಿ ಶುರುವಾಗುತ್ತದೆ. ಕರೆಂಟ್ ಹೋದ ದಿನ ಕೆಲಸಕ್ಕೆ ರಜೆ, ಇನ್ವರ್ಟರಿನ ಗುಂಯ್ಗುಟ್ಟುವಿಕೆಯಲ್ಲಿ ಟೇಪಿನ ಸುಯ್ ಹುಡುಕಲಾಗದು.

ಜೋರು ಸಮವಾದ ಮೇಲೆ ಅಂತರ ಕುಗ್ಗಿತು, ಆದರೆ ಹೋಗಲಿಲ್ಲ. ಹಳೆಯ ಸಿಡಿ ನಿಜಕ್ಕೂ ತೆಳ್ಳಗಿತ್ತು, ಅದನ್ನು ಪ್ರತಿ ಸಲವೂ ಗುರುತಿಸಿದೆ. ಸ್ಟೀರಿಯೋ ಪೆಟ್ಟಿಗೆಯಲ್ಲಿ ಡ್ರಮ್ಮಿನ ಏಟಿನ ತುದಿ ಒಂದು ಕೂದಲೆಳೆಯಷ್ಟು ಮೊಂಡಾಗಿತ್ತು. ಆ ಪೆಟ್ಟಿಗೆಗೆ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದವರು ಲಿಮಿಟರ್ ಬಳಸಿದ್ದಾರೆ. ಅಂದರೆ ಎತ್ತರದ ಏಟುಗಳನ್ನು ತುಸು ಅದುಮಿ ಒಟ್ಟು ಸದ್ದನ್ನು ಏರಿಸುವ ಉಪಾಯ. ಮಾನೋ ಪೆಟ್ಟಿಗೆಗೆ ಅದನ್ನು ಬಳಸಿಲ್ಲ. ಇಂದಿನ ಹಾಡುಗಳ ಅದುಮುವಿಕೆಗೆ ಹೋಲಿಸಿದರೆ ಇದು ಲೆಕ್ಕಕ್ಕಿಲ್ಲ, ಹುಬ್ಬಳ್ಳಿಯ ಗಣಪತಿ ಮೆರವಣಿಗೆಯ ಡಿಜೆ ಮುಂದೆ ಮನೆಯ ಗಂಟೆ ಇದ್ದಂತೆ. ಆದರೂ ಇದೆ.

ಇನ್ನು ಪಡಸಾಲೆಯ ಪರೀಕ್ಷೆ. ಇದಕ್ಕೆ ನಾನು ಆರಿಸಿದ್ದು 1967ರ ಸಾರ್ಜೆಂಟ್ ಪೆಪ್ಪರ್ ಆಲ್ಬಮ್ಮಿನ ಎರಡು ಹಾಡು. ಮೊದಲನೆಯದು ವಿದಿನ್ ಯೂ ವಿದೌಟ್ ಯೂ. ಅದರಲ್ಲಿ ತಂಡದ ನಾಲ್ವರ ಪೈಕಿ ಜಾರ್ಜ್ ಹ್ಯಾರಿಸನ್ ಒಬ್ಬರೇ ಇದ್ದಾರೆ. ಉಳಿದಂತೆ ಲಂಡನ್ನಿನಲ್ಲಿದ್ದ ಭಾರತೀಯ ವಾದಕರು, ಕೆಲವು ಪಿಟೀಲು, ಚೆಲ್ಲೋ. ದಿಲ್‌ರುಬಾ, ಸ್ವರಮಂಡಲ, ತಬಲಾ, ತಂಬೂರಿ. ಹಾಡಿಕೆ ಹದಿನಾರು ಮಾತ್ರೆಯ ತೀನ್‌ತಾಲದಲ್ಲಿ ನಡೆದು ನಡುವಿನ ವಾದ್ಯಭಾಗ ಹತ್ತು ಮಾತ್ರೆಯ ಝಪ್‌ತಾಲಕ್ಕೆ ಹೊರಳಿದಾಗ ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಸ್ವರಗಳು ಖಮಾಜ್ ಥಾಟಿನವು. ರಾಗದ ನಡೆ ನಮ್ಮವರದಲ್ಲ, ಅದು ಬೇರೆ ಮಾತು.

ನಾನು ಕೇಳಿದ್ದು ತಂಬೂರಿಯನ್ನು. ಮೊದಲ ಅರ್ಧ ನಿಮಿಷದಲ್ಲಿ ದಿಲ್‌ರುಬಾ ಏಳುವಾಗ ಅದರ ಕೆಳಗೆ ತಂಬೂರಿ ಇದೆ. ತಂತಿ ಮೀಟಿದ ಮೇಲೆ, ತಂತಿಗಳನ್ನು ಹೊರುವ ಸೇತುವೆಯಂಥ ಕುದುರೆಯ ಮೇಲಿನ ನೂಲಿನಿಂದ ಏಳುವ ಆ ಜೇಂಕಾರವನ್ನು ಜವಾರಿ ಎನ್ನುತ್ತಾರೆ. (ಜವಾರಿ ಜೋಳ, ಜವಾರಿ ಕೋಳಿ ಎನ್ನುವ ನಮ್ಮ ಕಡೆ ಈ ಪದವನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ.) ಅದು ಬಹುಪಾಲು ಮೇಲಿನ ಸ್ಥಾಯಿಯ ಸಣ್ಣ ಸದ್ದುಗಳ ರಾಶಿ, ಟೇಪಿನ ಸುಯ್ ಇರುವ ಜಾಗವೂ ಅದೇ. ಸುಯ್ ತೆಗೆಯಲು ಹೋದವನು ಜವಾರಿಯನ್ನೂ ಗುಡಿಸಿಬಿಡುತ್ತಾನೆ. ಎರಡೂ ಹೊಸ ಪೆಟ್ಟಿಗೆಗಳಲ್ಲಿ ಜವಾರಿ ಜೀವಂತವಾಗಿತ್ತು, ಸುಯ್ ಕೂಡ ಹಿಂದೆ ಹಾಗೆಯೇ ಇತ್ತು. ಆ ಸ್ಟುಡಿಯೋದವರು ಒಟ್ಟು 525 ನಿಮಿಷಗಳ ಸಂಗೀತದಲ್ಲಿ ಸುಯ್ ತೆಗೆಯುವ ಉಪಕರಣವನ್ನು ಬಳಸಿದ್ದು ಐದು ನಿಮಿಷಕ್ಕೂ ಕಡಿಮೆ ಎಂದು ಹೇಳಿಕೊಂಡಿದ್ದಾರೆ. ನಾಲ್ಕು ವರ್ಷ ಕುಳಿತು ಕೆಲಸ ಮಾಡಿ ಇಷ್ಟು ಕಡಿಮೆ ಕೈ ಹಾಕುವುದಕ್ಕೆ ಎಷ್ಟು ಸಂಯಮ ಬೇಕೆಂದು ನನಗೆ ಗೊತ್ತು. ನನಗೆ ಅರ್ಧ ಗಂಟೆ ಕೈ ಕಟ್ಟಿ ಕೂರಲಾಗಿರಲಿಲ್ಲ.

ಎರಡನೆಯದು ಅದೇ ಆಲ್ಬಮ್ಮಿನ ಕೊನೆಯ ಹಾಡು. ಮುಗಿಯುವಾಗ ಹಲವು ಪಿಯಾನೋಗಳನ್ನು ಒಟ್ಟಿಗೆ ಬಡಿದಿದ್ದಾರೆ, ಜೊತೆಗೆ ಒಂದು ಹಾರ್ಮೋನಿಯಂ. ನಮ್ಮ ಲೆಕ್ಕದಲ್ಲಿ ಬಿಳಿ ಮೂರು, ಅಂದರೆ ಹಾರ್ಮೋನಿಯಮ್ಮಿನ ಮೂರನೆಯ ಬಿಳಿ ಪಟ್ಟಿಯ ಸ್ವರ. ಆ ಸ್ವರ ಸುಮಾರು ನಲವತ್ತು ಸೆಕೆಂಡು ಕರಗುತ್ತ ಹೋಗುತ್ತದೆ. ಅದು ಕರಗಿದಂತೆಲ್ಲ ಅಂದಿನ ಧ್ವನಿಮುದ್ರಕರು ಮೈಕಿನ ಸದ್ದನ್ನು ಏರಿಸುತ್ತ ಹೋಗಿದ್ದಾರೆ. ಹಾಗಾಗಿ ಕೊನೆಯಲ್ಲಿ ಸ್ಟುಡಿಯೋದ ಗಾಳಿಯೇ ಕೇಳತೊಡಗುತ್ತದೆ. ಅಲ್ಲೊಂದು ಕುರ್ಚಿ ಕಿರುಗುಟ್ಟುತ್ತದೆ. ಕುರ್ಚಿ ಸಿಕ್ಕಿತೋ ಸಿಡಿ ಪಾಸು. ಮೂರರಲ್ಲೂ ಸಿಕ್ಕಿತು, ಮಾನೋದಲ್ಲಿ ಹುಡುಕುವ ಶ್ರಮ ಕಡಿಮೆ.

ಇಷ್ಟರ ತನಕ ಇದು ಸ್ವಚ್ಛಗೊಳಿಸುವ ಕೆಲಸದ ಪರೀಕ್ಷೆ. ಮಾನೋಗೂ ಸ್ಟೀರಿಯೋಗೂ ನಿಜವಾದ ಅಂತರ ಬೇರೆ ಕಡೆ ಇದೆ, ಅದು ತಿಳಿದದ್ದು ಹಾರ್ಮೋನಿಯಮ್ಮಿನಿಂದ. ಶೀ ಈಸ್ ಲೀವಿಂಗ್ ಹೋಮ್ ಎಂಬ ಹಾಡನ್ನು ಕಣ್ಣು ಮುಚ್ಚಿ ಕೇಳುವಾಗ ಒಂದು ಪ್ರತಿಯಲ್ಲಿ ಹುಡುಗಿ ಮನೆಬಿಟ್ಟು ಬೇಗ ಬೇಗ ನಡೆದಂತಿತ್ತು, ಇನ್ನೊಂದರಲ್ಲಿ ಕಾಲೆಳೆದಂತೆ. ಕಂಪ್ಯೂಟರ್ ಕೆಟ್ಟಿತೇನೋ ಎಂದುಕೊಂಡೆ. ಮಗಳ ಹಾರ್ಮೋನಿಯಂ ತಂದು ಒತ್ತಿ ನೋಡಿದರೆ ಒಂದು ಬಿಳಿ ಮೂರಕ್ಕೆ ಕೂಡುತ್ತದೆ, ಇನ್ನೊಂದು ಹೆಚ್ಚುಕಡಿಮೆ ಬಿಳಿ ನಾಲ್ಕಕ್ಕೆ. ಚೀಟಿ ತೆಗೆಸಿದೆ. ಏರಿದ್ದು ಮಾನೋ. 1967ರಲ್ಲಿ ಮಾನೋ ಮಿಕ್ಸಿಂಗ್ (ಬೇರೆ ಬೇರೆ ಟ್ರ್ಯಾಕಿನ ಸದ್ದುಗಳನ್ನು ಹದವಾಗಿ ಬೆರೆಸುವುದು) ಮಾಡುವಾಗ ಟೇಪನ್ನು ತುಸು ವೇಗವಾಗಿ ಓಡಿಸಿದ್ದರು, ಸ್ಟೀರಿಯೋ ಮಾಡುವಾಗ ಓಡಿಸಲಿಲ್ಲ. ತಂಡದವರು ಖುದ್ದು ಕುಳಿತು ತಲೆ ಕೆಡಿಸಿಕೊಂಡದ್ದು ಮಾನೋಗೆ. ಆಗ ಹೆಚ್ಚಿನವರ ಮನೆಯಲ್ಲಿದ್ದದ್ದು ಅದೇ. ಸ್ಟೀರಿಯೋವನ್ನು ಆಮೇಲೆ ಸ್ಟುಡಿಯೋದವರು ಬೇಗ ಬೇಗ ಮುಗಿಸಿದರು. ಅಂದರೆ ಇವು ಒಂದೇ ಹಾಡಿನ ಎರಡು ಬಣ್ಣವಲ್ಲ, ಎರಡು ಸಲ ಮಾಡಿದ ಎರಡು ಅಡಿಗೆ.

ಇದು ಗೊತ್ತಾದ ಮೇಲೆ ನನ್ನ ಪ್ರಶ್ನೆಯೇ ಬದಲಾಯಿತು. ಯಾವ ರೀಮಾಸ್ಟರ್ ಚೆನ್ನ ಎಂಬುದು ಹೋಗಿ, ಯಾವ ಅಡಿಗೆ ಅವರು ಮನಸ್ಸಿಟ್ಟು ಮಾಡಿದ್ದು ಎಂಬುದು ಉಳಿಯಿತು. 1968ರ ಬಿಳಿ ಹೊದಿಕೆಯ ಆಲ್ಬಮ್ಮಿನ ತನಕ ನನ್ನ ಅಂಕವೆಲ್ಲ ಮಾನೋಗೆ. ನಾನು ಆಕಾಶವಾಣಿಯ ಮೀಡಿಯಂ ವೇವ್ ಕೇಳಿ ಬೆಳೆದವನು. ಮಾನೋ ನನಗೆ ಬಡತನವಾಗಿ ಕೇಳುವುದಿಲ್ಲ. ಹಾಡುವವನು ಮಂಟಪದ ಬಲತುದಿಯಲ್ಲಿ, ತಬಲಾದವನು ಎಡತುದಿಯಲ್ಲಿ ಕುಳಿತ ಕಛೇರಿಯನ್ನು ನಾನಂತೂ ನೋಡಿಲ್ಲ. ಒಂದೇ ಕಡೆ ತಗಾದೆ: ಹೆಲ್ಟರ್ ಸ್ಕೆಲ್ಟರ್ ಎಂಬ ಗದ್ದಲದ ಹಾಡಿನ ಕೊನೆಗೆ ಡ್ರಮ್ ಬಾರಿಸಿದ ರಿಂಗೋ ಸ್ಟಾರ್ ಬೆರಳಿಗೆ ಬೊಬ್ಬೆ ಬಂದಿದೆ ಎಂದು ಕಿರುಚುತ್ತಾರೆ. ಮಾನೋದಲ್ಲಿ ಆ ಕಿರುಚಾಟ ಇಲ್ಲ. ನನ್ನ ಮಗಳಿಗೆ ಇಡೀ ಪೆಟ್ಟಿಗೆಯಲ್ಲಿ ಇಷ್ಟವಾದದ್ದು ಅದೊಂದೇ, ಹಾಗಾಗಿ ಮನೆಯಲ್ಲಿ ನನ್ನ ತೀರ್ಪಿಗೆ ಬಹುಮತವಿಲ್ಲ.

ಮಾನೋ ಪೆಟ್ಟಿಗೆಯಲ್ಲಿ ಆ್ಯಬಿ ರೋಡ್ ಮತ್ತು ಲೆಟ್ ಇಟ್ ಬಿ ಇಲ್ಲ, ಅವನ್ನು ಮಾನೋದಲ್ಲಿ ಮಿಕ್ಸ್ ಮಾಡಲೇ ಇಲ್ಲ. 1969ರ ಆ್ಯಬಿ ರೋಡ್ ವೇಳೆಗೆ ಎಂಟು ಟ್ರ್ಯಾಕ್ ಇತ್ತು, ವಾಲ್ವ್ ಹೋಗಿ ಟ್ರಾನ್ಸಿಸ್ಟರಿನ ಹೊಸ ಮಿಕ್ಸಿಂಗ್ ಮೇಜು ಬಂದಿತ್ತು. ಸದ್ದು ನುಣುಪಾಗಿದೆ, ಸ್ಟೀರಿಯೋಗೆಂದೇ ಹುಟ್ಟಿದ್ದು. ಅದನ್ನು ಕೇಳಿದ ಬೆಳಿಗ್ಗೆ ಗಿರಣಿ ಶುರುವಾದದ್ದು ಗೊತ್ತಾಗಲಿಲ್ಲ.

ಹೊದಿಕೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾನೋದ್ದು ಜಪಾನಿನಲ್ಲಿ ತಯಾರಾದ ಪುಟ್ಟ ಎಲ್‌ಪಿ ಹೊದಿಕೆಗಳು, ತೊಟ್ಟಿಲ ಕೂಸಿನ ಅಂಗಿಯಂತೆ ಮುದ್ದಾಗಿವೆ. ಓದಲು ಭೂತಗನ್ನಡಿ ಬೇಕು. ಪ್ರೊಫೆಸರರ ಶ್ರೀಮತಿಯವರು ನೋಡಿದ ತಕ್ಷಣ ಬಿಳಿ ಪೆಟ್ಟಿಗೆ ಮನೆಯಲ್ಲೇ ಇರಲಿ ಎಂದಿದ್ದರಂತೆ. ನನ್ನ ಮೂರು ವಾರದ ಕೆಲಸ ಅವರಿಗೆ ಮೂರು ನಿಮಿಷದ್ದು.

ತೀರ್ಪು ಹೇಳಲು ಹೋದ ದಿನ ಎರಡೂ ಸ್ಪೀಕರುಗಳನ್ನು ಸರಿಯಾಗಿ ಕೂರಿಸಿ, ಎಲ್ಲವನ್ನೂ ಕೇಳಿಸಿ ಹೇಳಿದೆ. "ಬಿಳಿಯದನ್ನು ಇಟ್ಟುಕೊಳ್ಳಿ ಸರ್. ಕಪ್ಪಿನಲ್ಲಿ ಕೊನೆಯ ಎರಡು ಆಲ್ಬಮ್ ಮಾತ್ರ ನಿಮಗೆ ಬೇಕಾಗುತ್ತವೆ. ಅವನ್ನು ಬಿಡಿಯಾಗಿ ಕೊಂಡರಾಯಿತು." ಅವರು ತಲೆಯಾಡಿಸಿದರು. ನನಗೆ ಹಣದ ಜೊತೆ ಒಂದು ಪೊಟ್ಟಣ ಪೇಡೆಯೂ ಸಿಕ್ಕಿತು.

ಮೊನ್ನೆ ಪುಣೆಯಿಂದ ಅವರಿಗೆ ಫೋನ್ ಬಂದಿತ್ತಂತೆ. "ದೊಡ್ಡಪ್ಪ, ಪೆಟ್ಟಿಗೆ ತಲುಪಿತು. ಕೊನೆಯ ಎರಡು ತಟ್ಟೆ ಕಾಣುತ್ತಿಲ್ಲವಲ್ಲ?" ಎಂದು ಹುಡುಗ ಕೇಳಿದನಂತೆ. ಮಾಳಮಡ್ಡಿಯಲ್ಲಿ ರಿಪೇರಿಗೆ ಕೊಟ್ಟಿದ್ದೇನೆ ಎಂದು ಹೇಳಿದ್ದಾರೆ.