ಜರ್ಮನಿಯಲ್ಲಿ ಕಾರು ಓಡಿಸಲು ಸಿದ್ಧರಾಗುವುದು ಹೇಗೆ?

ಉದ್ಯೋಗಕ್ಕೆಂದು ಮ್ಯೂನಿಕ್, ಸ್ಟುಟ್‌ಗಾರ್ಟ್, ಬರ್ಲಿನ್‌ಗಳಿಗೆ ಹೋಗಿ ನೆಲೆಸುವ ಕನ್ನಡಿಗರು ಅಲ್ಲಿ ಕಾರು ಓಡಿಸುವ ಮಾತು ಬಂದಾಗ ಮೊದಲು ಅಂಜುವುದು ರಸ್ತೆಯ ಬಲಬದಿಯಲ್ಲಿ ಸಾಗಬೇಕಲ್ಲ ಎಂಬುದಕ್ಕೆ. ಆ ಅಂಜಿಕೆ ಬೇಗನೆ ಕಳೆಯುತ್ತದೆ. ಕಷ್ಟವಿರುವುದು ಬೇರೆ ಕಡೆ. ನಮ್ಮ ರಸ್ತೆಗಳಲ್ಲಿ ಯಾರು ಮೊದಲು ಹೋಗಬೇಕೆಂಬುದು ವಾಹನಗಳು ಎದುರಾದ ಮೇಲೆ ಕಣ್ಣು, ಕೈ, ಹಾರ್ನ್‌ಗಳ ಮೂಲಕ ತೀರ್ಮಾನವಾಗುತ್ತದೆ. ಅಲ್ಲಿ ಅದು ಮೊದಲೇ ತೀರ್ಮಾನವಾಗಿರುತ್ತದೆ, ಆ ತೀರ್ಮಾನ ನಿಮಗೂ ಗೊತ್ತಿದೆ ಎಂಬ ನಂಬಿಕೆಯಲ್ಲೇ ಇನ್ನೊಬ್ಬ ಚಾಲಕ ವೇಗ ತಗ್ಗಿಸದೆ ಬರುತ್ತಾನೆ.

ಹೊರಡುವ ಮುನ್ನ

ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಅನುಮತಿ ಪತ್ರವನ್ನು ಪಡೆಯಿರಿ. ಪಾಸ್‌ಪೋರ್ಟ್, ವೀಸಾ ಪ್ರತಿಗಳೊಂದಿಗೆ ಪರಿವಾಹನ್ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬಹುದು. ಮೂಲ ಪರವಾನಗಿ ಜೊತೆಗಿದ್ದರೆ ಮಾತ್ರ ಈ ಪತ್ರಕ್ಕೆ ಬೆಲೆ. ಪತ್ರದ ಅವಧಿ ಒಂದು ವರ್ಷವೆಂದು ನೆಚ್ಚಿ ಕೂರುವುದು ಮಾತ್ರ ತಪ್ಪು, ಏಕೆಂದರೆ ಜರ್ಮನಿಯಲ್ಲಿ ವಾಸ ಹೂಡಿದವರು ಭಾರತದ ಪರವಾನಗಿಯ ಮೇಲೆ ಸಾಮಾನ್ಯವಾಗಿ 6 ತಿಂಗಳು ಮಾತ್ರ ವಾಹನ ಓಡಿಸಬಹುದು.

ಸೀಟಿನಲ್ಲಿ ಕುಳಿತಾಗ

ಸ್ಟೀರಿಂಗ್ ಎಡಕ್ಕಿರುತ್ತದೆ, ಗೇರ್ ಬಲಗೈಗೆ ಬರುತ್ತದೆ, ಕ್ಲಚ್ ಮತ್ತು ಬ್ರೇಕ್‌ಗಳ ಕ್ರಮ ಬದಲಾಗುವುದಿಲ್ಲ. ನಮ್ಮ ಬಹುಪಾಲು ಕಾರುಗಳಲ್ಲಿ ಬಲಗೈಗೆ ಸಿಗುವ ಇಂಡಿಕೇಟರ್ ಅಲ್ಲಿ ಎಡಗೈಗೆ ಸಿಗುವುದರಿಂದ, ತಿರುವು ಬಂದಾಗಲೆಲ್ಲ ಒಣಗಿದ ಗಾಜಿನ ಮೇಲೆ ವೈಪರ್ ಓಡಾಡುವುದು ಹೊಸಬರ ಗುರುತು. ಎಚ್ಚರ ತಪ್ಪುವ ಸಂಭವ ಹೆಚ್ಚಿರುವುದು ಎಡಕ್ಕೆ ಹೊರಳಿದ ಮೇಲೆ ಮತ್ತು ಪೆಟ್ರೋಲ್ ಬಂಕಿನಿಂದ ಖಾಲಿ ರಸ್ತೆಗೆ ಇಳಿಯುವಾಗ. ನೋಡಿ ಅನುಸರಿಸಲು ಮುಂದೆ ಬೇರೆ ವಾಹನವಿಲ್ಲದಿದ್ದರೆ ಹಳೆಯ ಅಭ್ಯಾಸ ಎಡಬದಿಗೇ ಎಳೆಯುತ್ತದೆ. ಚಾಲಕನ ಸೀಟು ರಸ್ತೆಯ ನಡುಗೆರೆಯ ಕಡೆಗೇ ಇರಬೇಕು ಎಂಬ ಒಂದು ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಅದು ಎರಡೂ ದೇಶಗಳಲ್ಲಿ ಸರಿಹೋಗುತ್ತದೆ.

ಕೂಡುರಸ್ತೆಗಳಲ್ಲಿ

ಸಿಗ್ನಲ್ ಇಲ್ಲದ ಕೂಡುರಸ್ತೆ ಸಮೀಪಿಸಿದಾಗ ಮೊದಲು ಫಲಕಗಳನ್ನು ಹುಡುಕಿ. ಬಿಳಿ ಅಂಚಿನ ಹಳದಿ ವಜ್ರಾಕೃತಿ ಇದ್ದರೆ ನೀವು ಆದ್ಯತೆಯ ರಸ್ತೆಯಲ್ಲಿದ್ದೀರಿ. ತಲೆಕೆಳಗಾದ ತ್ರಿಕೋನವಿದ್ದರೆ ಎದುರು ಹಾಯುವ ರಸ್ತೆಯವರಿಗೆ ದಾರಿ ಬಿಡಬೇಕು. ‘ಸ್ಟಾಪ್’ ಎಂದಿದ್ದರೆ ರಸ್ತೆ ಖಾಲಿಯಿದ್ದರೂ ಚಕ್ರಗಳು ಸಂಪೂರ್ಣ ನಿಲ್ಲಬೇಕು. ಯಾವ ಫಲಕವೂ ಇಲ್ಲವಾದರೆ ಬಲಗಡೆಯಿಂದ ಬರುವ ವಾಹನಕ್ಕೆ ಮೊದಲ ಹಕ್ಕು. ನಿಮ್ಮ ರಸ್ತೆ ಅಗಲವಾಗಿದೆ, ಬರುತ್ತಿರುವುದು ಕೇವಲ ಸೈಕಲ್ಲು ಎಂಬ ವಾದಗಳಿಗೆ ಅಲ್ಲಿ ಅರ್ಥವಿಲ್ಲ. ಗಂಟೆಗೆ 30 ಕಿ.ಮೀ. ಮಿತಿಯಿರುವ ವಸತಿ ಪ್ರದೇಶಗಳಲ್ಲಿ ಈ ನಿಯಮ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಭಾರತದ 1989ರ ರಸ್ತೆ ನಿಯಮಗಳೂ ಮುಖ್ಯರಸ್ತೆಯೆಂದು ಗುರುತಿಸದ ಕಡೆ ಬಲದಿಂದ ಬರುವವರಿಗೆ ದಾರಿ ಬಿಡಬೇಕೆಂದೇ ಹೇಳಿದ್ದವು. ನಮ್ಮ ಬಡಾವಣೆಗಳ ಕ್ರಾಸ್‌ಗಳಲ್ಲಿ ಅದನ್ನು ಪಾಲಿಸುವವರನ್ನು ಹುಡುಕಬೇಕಷ್ಟೆ.

ಹಕ್ಕು ನಿಮ್ಮದಿದ್ದಾಗ ಸೌಜನ್ಯಕ್ಕೆಂದು ಸುಮ್ಮಸುಮ್ಮನೆ ನಿಂತು ಕೈ ಬೀಸಲು ಹೋಗಬೇಡಿ. ಹಿಂದಿನವನು ನೀವು ಹೋಗುತ್ತೀರೆಂದೇ ಎಣಿಸಿರುತ್ತಾನೆ. ನಾಲ್ಕು ದಿಕ್ಕಿನಿಂದಲೂ ನಾಲ್ಕು ಕಾರುಗಳು ಏಕಕಾಲಕ್ಕೆ ಬಂದರೆ ಮಾತ್ರ ನಿಯಮ ಕೈಕೊಡುತ್ತದೆ, ಆಗ ಯಾರಾದರೂ ಸನ್ನೆ ಮಾಡಿ ಬಿಟ್ಟುಕೊಡಲೇಬೇಕು. ನಮ್ಮಲ್ಲಿ ಪಳಗಿದ ಚಾಲಕರು ಅಲ್ಲಿನವರಿಗಿಂತ ಚುರುಕಾಗಿ ನಿಭಾಯಿಸುವ ಸಂದರ್ಭ ಬಹುಶಃ ಇದೊಂದೇ.

ವೃತ್ತಗಳಲ್ಲಿ ಸಂಚಾರ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸಾಗುತ್ತದೆ. ವೃತ್ತದ ಫಲಕ ಮತ್ತು ತ್ರಿಕೋನ ಎರಡೂ ಇರುವ ಕಡೆ ಒಳಗಿರುವವರಿಗೆ ಆದ್ಯತೆ. ಒಳಹೋಗುವಾಗ ಇಂಡಿಕೇಟರ್ ಹಾಕುವಂತಿಲ್ಲ, ಹೊರಬರುವಾಗ ಹಾಕಲೇಬೇಕು. ಬಲಕ್ಕೆ ತಿರುಗುವಾಗ ಕನ್ನಡಿಯನ್ನಷ್ಟೇ ನೆಚ್ಚದೆ ಕತ್ತು ಹೊರಳಿಸಿ ಹಿಂದೆ ನೋಡಿ, ಏಕೆಂದರೆ ನಿಮ್ಮ ಪಕ್ಕದಲ್ಲಿ ನೇರ ಸಾಗುವ ಸೈಕಲ್ ಸವಾರರಿಗೂ ನೀವು ತಿರುಗುವ ರಸ್ತೆಯನ್ನು ದಾಟುವ ಪಾದಚಾರಿಗಳಿಗೂ ಮೊದಲ ಹಕ್ಕಿದೆ. ಸೈಕಲ್ಲನ್ನು ಹಿಂದಿಕ್ಕುವಾಗ ಊರೊಳಗೆ 1.5 ಮೀಟರ್, ಊರ ಹೊರಗೆ 2 ಮೀಟರ್ ಅಂತರ ಕಡ್ಡಾಯ.

ಹಾರ್ನ್ ಮತ್ತು ಹೆಡ್‌ಲೈಟ್

ನಮ್ಮಲ್ಲಿ ಲಾರಿಗಳೇ ಹಾರ್ನ್ ಮಾಡಿ ಎಂದು ಬೆನ್ನ ಮೇಲೆ ಬರೆಸಿಕೊಂಡು ತಿರುಗುತ್ತವೆ; ಜರ್ಮನಿಯಲ್ಲಿ ಅಪಾಯದ ಎಚ್ಚರಿಕೆಗೆ, ಇಲ್ಲವೇ ಊರ ಹೊರಗೆ ಹಿಂದಿಕ್ಕುವ ಸೂಚನೆಗೆ ಮಾತ್ರ ಅದಕ್ಕೆ ಅನುಮತಿ. ಹೆಡ್‌ಲೈಟ್ ಮಿಣುಕಿಸುವುದರಲ್ಲಿ ಇನ್ನೂ ದೊಡ್ಡ ಗೊಂದಲವಿದೆ. ಎದುರಿನವನು ಲೈಟು ಮಿಣುಕಿಸಿದರೆ ‘ನಾನು ಬರುತ್ತಿದ್ದೇನೆ, ನೀನು ನಿಲ್ಲು’ ಎಂದು ನಾವು ಓದುತ್ತೇವೆ. ಜರ್ಮನಿಯ ಪೇಟೆಯಲ್ಲಿ ಅದನ್ನು ‘ನೀವು ಮೊದಲು ಹೋಗಿ’ ಎಂದು ಓದುವ ರೂಢಿಯಿದೆ. ನಮ್ಮ ಅರ್ಥದಲ್ಲಿ ಅಲ್ಲಿ ಮಿಣುಕಿಸಿದರೆ ಎದುರಿನ ಕಾರು ನೇರವಾಗಿ ನಿಮ್ಮ ದಾರಿಗೇ ಬರಬಹುದು. ಕಿಟಕಿ ಇಳಿಸಿ ಬೈಯುವುದು, ಬೆರಳು ತೋರಿಸುವುದು ಅಲ್ಲಿ ದಂಡನಾರ್ಹ ಅಪರಾಧ ಎಂಬುದೂ ತಿಳಿದಿರಲಿ.

ಹೆದ್ದಾರಿಗೆ ಇಳಿದಾಗ

ಊರಿನ ಹೆಸರು ಬರೆದ ಹಳದಿ ಫಲಕ ಕಂಡೊಡನೆ, ಯಾವ ಅಂಕಿ ಇಲ್ಲದಿದ್ದರೂ, ವೇಗದ ಮಿತಿ ಗಂಟೆಗೆ 50 ಕಿ.ಮೀ.; ಅದೇ ಹೆಸರಿನ ಮೇಲೆ ಕೆಂಪು ಗೆರೆ ಎಳೆದಿದ್ದರೆ ಊರು ಮುಗಿಯಿತು, ಮಿತಿ 100. ಆಟೊಬಾನ್ ಎಂಬ ಅಲ್ಲಿನ ಹೆದ್ದಾರಿಯಲ್ಲಿ ಮಿತಿಯ ಫಲಕವಿಲ್ಲದ ಕಡೆ 130 ಎಂಬುದು ಸಲಹೆ ಮಾತ್ರ, ಆದ್ದರಿಂದ ಎಡ ಲೇನಿನಲ್ಲಿ ದೂರದ ಚುಕ್ಕೆಯಂತೆ ಕಂಡ ಕಾರು ಕ್ಷಣಾರ್ಧದಲ್ಲಿ ನಿಮ್ಮ ಹಿಂದೆ ಬಂದಿರುತ್ತದೆ. ಹಿಂದಿಕ್ಕಿ ಮುಗಿದ ಮೇಲೆ ಬಲಕ್ಕೆ ಸರಿಯಿರಿ. ಸಂಚಾರ ದಟ್ಟಣೆಯಿಂದ ಸಾಲುಗಳು ನಿಧಾನವಾಗಿದ್ದಾಗ ಹೊರತು ಬಲಗಡೆಯಿಂದ ಹಿಂದಿಕ್ಕುವುದು ನಿಷಿದ್ಧ.

ದಟ್ಟಣೆಯಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ವಾಹನಗಳು ನಡಿಗೆಯ ವೇಗಕ್ಕೆ ಇಳಿದ ಕೂಡಲೇ, ಸೈರನ್ ಕೇಳುವವರೆಗೆ ಕಾಯದೆ, ತೀರಾ ಎಡ ಲೇನಿನವರು ಎಡಕ್ಕೂ ಉಳಿದೆಲ್ಲರೂ ಬಲಕ್ಕೂ ಒತ್ತಿಕೊಂಡು ನಡುವೆ ಆಂಬುಲೆನ್ಸ್‌ಗೆ ದಾರಿ ಮಾಡಬೇಕು. ಮಾಡದವರಿಗೆ ದಂಡ 200 ಯುರೊಗಳಿಂದ ಆರಂಭವಾಗುತ್ತದೆ. ನಮ್ಮಲ್ಲೂ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ 10,000 ರೂಪಾಯಿವರೆಗೆ ದಂಡವಿದೆ, ಆದರೆ ನಾವು ಸದ್ದು ಕೇಳಿದ ಮೇಲೆ ಸರಿಯಲು ಜಾಗ ಹುಡುಕುತ್ತೇವೆ. ಲೇನ್ ಒಂದು ಮುಚ್ಚಿಹೋಗುವ ಕಡೆ ಅದರ ತುದಿಯವರೆಗೂ ಹೋಗಿ, ಅಲ್ಲಿ ಒಂದು ಬಿಟ್ಟು ಒಂದರಂತೆ ಸೇರಿಕೊಳ್ಳುವುದು ನಿಯಮ. ಅದನ್ನು ನುಗ್ಗುವಿಕೆ ಎಂದು ಯಾರೂ ಭಾವಿಸಬಾರದು.

ಮದ್ಯದ ವಿಷಯದಲ್ಲಿ ಕಾಗದದ ಮೇಲೆ ನಾವೇ ಕಠಿಣ: ನಮ್ಮ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ., ಅಲ್ಲಿನದು ಸರಿಸುಮಾರು 50. ಅಲ್ಲಿ 21 ವರ್ಷದೊಳಗಿನವರಿಗೂ ಹೊಸ ಚಾಲಕರಿಗೂ ಒಂದು ಹನಿಯೂ ಸಲ್ಲದು.

ನಿಲ್ಲಿಸುವಾಗ

ಸಮಯಮಿತಿಯ ಉಚಿತ ನಿಲುಗಡೆ ತಾಣಗಳಲ್ಲಿ ನೀಲಿ ಬಣ್ಣದ ಗಡಿಯಾರದ ಬಿಲ್ಲೆಯೊಂದನ್ನು ಗಾಜಿನ ಹಿಂದೆ ಇಡಬೇಕಾಗುತ್ತದೆ. ಬಂದ ಸಮಯದ ಮುಂದಿನ ಅರ್ಧ ಗಂಟೆಗೆ ಮುಳ್ಳು ತಿರುಗಿಸಿ: 10.10ಕ್ಕೆ ಬಂದರೆ 10.30.

ಆರು ತಿಂಗಳು ಮುಗಿಯುವ ಮುನ್ನ

ಭಾರತದ ಪರವಾನಗಿ ಇದ್ದವರು ಜರ್ಮನ್ ಪರವಾನಗಿಗೆ ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆಗಳೆರಡನ್ನೂ ಬರೆದು, ಓಡಿಸಿ ತೋರಿಸಬೇಕು. ಕಣ್ಣಿನ ತಪಾಸಣೆ ಮತ್ತು ಪ್ರಥಮ ಚಿಕಿತ್ಸೆಯ ತರಬೇತಿಯ ಪ್ರಮಾಣಪತ್ರಗಳೂ ಬೇಕು. ಕಚೇರಿಯ ಕೆಲಸಕ್ಕೆ ವಾರಗಟ್ಟಲೆ ಹಿಡಿಯುವುದರಿಂದ ಎರಡನೆಯ ತಿಂಗಳಲ್ಲೇ ಅರ್ಜಿ ಹಾಕುವುದು ಲೇಸು. ಲಿಖಿತ ಪರೀಕ್ಷೆಯನ್ನು ಇಂಗ್ಲಿಷ್‌ನಲ್ಲಿ ಬರೆಯಬಹುದು, ಪ್ರಶ್ನೆಗಳು 30. ಪ್ರಾಯೋಗಿಕ ಪರೀಕ್ಷೆ ಜರ್ಮನ್ ಭಾಷೆಯಲ್ಲೇ ನಡೆಯುತ್ತದೆ. ಎಡ, ಬಲ, ಮುಂದಿನ ತಿರುವು, ಇಲ್ಲಿ ನಿಲ್ಲಿಸಿ ಎಂಬಷ್ಟು ಮಾತು ಬಾಯಿಪಾಠವಾಗಿರಲಿ. ತರಬೇತಿ ಶಾಲೆಯಲ್ಲಿ ಕಡ್ಡಾಯ ತರಗತಿಗಳಿಂದ ಇಂಥವರಿಗೆ ವಿನಾಯಿತಿಯಿದ್ದರೂ, ಹತ್ತಾರು ವರ್ಷ ಓಡಿಸಿದವರು ಕೂಡ ಕೆಲವು ಪಾಠ ತೆಗೆದುಕೊಂಡೇ ಹೋಗುವುದು ಒಳಿತು. ಅನುಭವಿಗಳು ಅನುತ್ತೀರ್ಣರಾಗುವುದು ಕಾರು ಓಡಿಸಲು ಬಾರದೆ ಅಲ್ಲ. ಬಲಗಡೆಯ ಪುಟ್ಟ ರಸ್ತೆಯತ್ತ ಕಣ್ಣು ಹಾಯಿಸದೆ, ತಿರುವಿನಲ್ಲಿ ಕತ್ತು ಹೊರಳಿಸದೆ. ನೋಡಿದರಷ್ಟೇ ಸಾಲದು, ನೀವು ನೋಡಿದ್ದು ಹಿಂದಿನ ಸೀಟಿನಲ್ಲಿ ಕುಳಿತ ಪರೀಕ್ಷಕರಿಗೂ ಕಾಣಬೇಕು.