ಸರಣಿ ಓದುಗರ ಪ್ರಶ್ನೆಗಳಿಗೆ ಉತ್ತರ: ನಾನು ಇಟ್ಟ ದಾಖಲೆ, ಅದು ಕೆಲಸ ಮಾಡಿದ ಬಗೆ

ಓದುಗರು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತ ಹೋದರೆ ಮುಂದಿನ ಸಂಪುಟಕ್ಕೆ ಏನು ಉಳಿಯುತ್ತದೆ? ಫ್ಯಾಂಟಸಿ ಸರಣಿ ಬರೆಯುವ ಗೆಳೆಯರು, ಪ್ರಕಾಶಕರು, ಪ್ರೂಫ್ ನೋಡುವವರು ಎಲ್ಲರೂ ಇದನ್ನೇ ಕೇಳಿದ್ದರು. ಈಗ ನನ್ನ ಸರಣಿಯ ಏಳನೆಯ ಸಂಪುಟ ಅಚ್ಚಿಗೆ ಹೋಗಿದೆ. ಪ್ರಶ್ನೆಗಳಿಗೆ ಉತ್ತರ ಹೋಗುತ್ತಲೇ ಇದೆ, ಗುಟ್ಟುಗಳು ಗುಟ್ಟಾಗಿಯೇ ಇವೆ, ಕಳೆದ ಎರಡು ಸಂಪುಟಗಳಲ್ಲಿ ಕಾಲ ಮತ್ತು ದೂರದ ಬಗ್ಗೆ ಬಂದದ್ದು ಒಂದೇ ತಕರಾರು. ಅದರಲ್ಲೂ ಕೂಡಿಕೆ ತಪ್ಪಿದ್ದು ಕೇಳಿದವರದು. ಆದ್ದರಿಂದ ಇನ್ನು ಬಾಯಿ ಬಿಡಬಹುದು.

ಇಡೀ ಪದ್ಧತಿ ನಿಂತಿರುವುದು ಒಂದು ನಿಯಮದ ಮೇಲೆ: ಯಾವ ಸಂಗತಿಯೂ ಉತ್ತರದಲ್ಲಿ ಮಾತ್ರ ಇರಬಾರದು. ಅಚ್ಚಾದ ಪುಸ್ತಕದಲ್ಲಿ ಇಲ್ಲದ್ದನ್ನು ಪತ್ರದಲ್ಲಿ ಹೇಳಿಬಿಟ್ಟರೆ ಆರು ತಿಂಗಳಲ್ಲಿ ಅದು ನಿಮಗೇ ಮರೆತಿರುತ್ತದೆ, ಓದುಗರಿಗೆ ಮರೆತಿರುವುದಿಲ್ಲ. ಸೇನಾಪತಿಯ ತಾಯಿ ಯಾವ ಕುಲದವಳು ಎಂದು ಯಾರೋ ಕೇಳಿದರು, ತೋಚಿದ್ದನ್ನು ಬರೆದಿರಿ, ಮುಂದಿನ ಸಂಪುಟದಲ್ಲಿ ಕಥೆ ಬೇರೆ ಕುಲ ಕೇಳಿತು. ಆಗ ಸಿಕ್ಕಿಬೀಳುವುದು ಕಥೆಯಲ್ಲ, ನಿಮ್ಮ ಪತ್ರ.

ಹೊಸಬರು ಮೊದಲು ಮಾಡುವುದು ಪಾತ್ರಗಳ ಹೆಸರಿನ ಅಕಾರಾದಿ ನೋಟುಪುಸ್ತಕ. ಅದು ಮೂರನೆಯ ಸಂಪುಟದ ಹೊತ್ತಿಗೆ ಕೈಕೊಡುತ್ತದೆ. ಓದುಗರು ಒಬ್ಬ ಪಾತ್ರದ ಬಗ್ಗೆ ಕೇಳುವುದು ಕಡಿಮೆ, ಎರಡರ ನಡುವಿನ ನಂಟಿನ ಬಗ್ಗೆ ಕೇಳುವುದೇ ಹೆಚ್ಚು. ಈ ಕತ್ತಿ ಯಾರ ಕೈಯಿಂದ ಯಾರ ಕೈಗೆ ಹೋಯಿತು? ಅದನ್ನು ಕತ್ತಿಯ ಪುಟದಲ್ಲೂ ಬರೆಯಬೇಕು, ಕೊಟ್ಟವನ ಪುಟದಲ್ಲೂ, ಪಡೆದವಳ ಪುಟದಲ್ಲೂ. ಒಂದು ಕಡೆ ತಿದ್ದಿದರೆ ಉಳಿದೆರಡು ಹಳೆಯದನ್ನೇ ಹೇಳುತ್ತಿರುತ್ತವೆ. ರಟ್ಟಿನ ಚೀಟಿಗಳ ಪದ್ಧತಿಗೂ ಇದೇ ರೋಗ.

ನಿಂತದ್ದು ಸಾದಾ ಸ್ಪ್ರೆಡ್‌ಶೀಟ್. ಒಂದು ಸಂಗತಿಗೆ ಒಂದೇ ಸಾಲು. ಕಂಬಗಳು (ಕಾಲಂಗಳು) ಹೀಗಿವೆ: ಸಂಗತಿ ಒಂದೇ ವಾಕ್ಯದಲ್ಲಿ, ಅದಕ್ಕೆ ಸೇರಿದ ಪಾತ್ರಗಳೂ ವಸ್ತುಗಳೂ ಊರುಗಳೂ, ಕಥೆಯೊಳಗಿನ ತಾರೀಖು, ಸಂಪುಟ-ಅಧ್ಯಾಯ-ಪ್ಯಾರಾ, ಅದನ್ನು ಹೇಳಿದವರು ಯಾರು. ಈ ಕೊನೆಯ ಕಂಬವನ್ನು ಎಲ್ಲರೂ ಬಿಡುತ್ತಾರೆ, ಬಿಡಬಾರದು. ನಿರೂಪಕ ಹೇಳಿದ್ದು ಬೇರೆ, ಹೆಂಡಂಗಡಿಯಲ್ಲಿ ಕುಳಿತ ಸಿಪಾಯಿ ಹೇಳಿದ್ದು ಬೇರೆ. ಸಿಪಾಯಿಗೆ ಸುಳ್ಳು ಹೇಳುವ ಹಕ್ಕಿದೆ. ಪುಟಸಂಖ್ಯೆಯನ್ನು ಮಾತ್ರ ಎಲ್ಲೂ ಬರೆಯಬೇಡಿ. ಮರುಮುದ್ರಣದಲ್ಲಿ ಪುಟ ಜಾರುತ್ತದೆ, ಇ-ಪುಸ್ತಕದಲ್ಲಿ ಪುಟವೇ ಇರುವುದಿಲ್ಲ.

ಪ್ರಶ್ನೆಗಳಿಗೆ ಇನ್ನೊಂದು ಹಾಳೆ. ಓದುಗರ ಮಾತಿನಲ್ಲೇ ಪ್ರಶ್ನೆ, ಅವರು ಎಷ್ಟನೆಯ ಸಂಪುಟದವರೆಗೆ ಓದಿದ್ದಾರೆ, ಕೊಟ್ಟ ಉತ್ತರ, ಮತ್ತು ಒಂದು ಮುದ್ರೆ. ಮುದ್ರೆಗಳು ಐದು: ಅಚ್ಚಿನಲ್ಲಿದೆ, ಲೆಕ್ಕದಿಂದ ಸಿಗುತ್ತದೆ, ಮುಂದೆ ಬರುತ್ತದೆ, ಇನ್ನೂ ನಿರ್ಧಾರವಾಗಿಲ್ಲ, ತಪ್ಪಾಗಿದೆ. ಓದುಗರು ಎಲ್ಲಿಯವರೆಗೆ ಓದಿದ್ದಾರೆ ಎಂದು ತಿಳಿಸದಿದ್ದರೆ ಮೊದಲು ಅದನ್ನೇ ಕೇಳುತ್ತೇನೆ. ಎರಡನೆಯ ಸಂಪುಟದಲ್ಲಿರುವವರಿಗೆ ಐದನೆಯದರ ಸಾವನ್ನು ತಿಳಿಸಿಬಿಟ್ಟರೆ ಅವರು ನಡುವಿನ ಎರಡು ಪುಸ್ತಕ ಕೊಳ್ಳುವುದಿಲ್ಲ. ಇದು ಶುದ್ಧ ಹಣದ ಮಾತು.

ಮೂರನೆಯ ಮತ್ತು ನಾಲ್ಕನೆಯ ಮುದ್ರೆಗಳಿಗೆ ಹೊರಗೆ ಹೋಗುವ ಉತ್ತರ ಒಂದೇ, ಅಕ್ಷರಶಃ ಒಂದೇ ವಾಕ್ಯ. ಗುಟ್ಟಿರುವಲ್ಲಿ ‘ಕಾದು ನೋಡಿ’, ಗುಟ್ಟಿಲ್ಲದಲ್ಲಿ ‘ಯೋಚಿಸಿಲ್ಲ’ ಎಂದು ಬರೆದರೆ ಓದುಗರು ನಾಲ್ಕಾರು ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಕಥೆಯ ಬೆನ್ನುಮೂಳೆಯನ್ನೇ ಎಣಿಸಿಬಿಡುತ್ತಾರೆ. ತಡವೂ ಹಾಗೆಯೇ ಬಾಯಿ ಬಿಡುತ್ತದೆ. ಸುಲಭದ ಪ್ರಶ್ನೆಗೆ ಅಂದೇ ಉತ್ತರ, ಗುಟ್ಟಿನ ಪ್ರಶ್ನೆಗೆ ಎರಡು ವಾರ ಎಂದಾದರೆ ಗುಟ್ಟು ಎಲ್ಲಿದೆ ಎಂದು ನೀವೇ ಬೆರಳಿಟ್ಟು ತೋರಿಸಿದಂತೆ. ಎಲ್ಲವನ್ನೂ ಒಟ್ಟುಗೂಡಿಸಿ ತಿಂಗಳಿಗೊಮ್ಮೆ ಒಂದೇ ದಿನ ಕಳಿಸುತ್ತೇನೆ. ಇದರ ಜೊತೆಗೆ, ಹಿಂದೆ ಏನೂ ಇಲ್ಲದ ಕೆಲವು ಪ್ರಶ್ನೆಗಳಿಗೂ ಅದೇ ‘ಕಾದು ನೋಡಿ’ ಹೋಗುತ್ತದೆ. ಎಷ್ಟಕ್ಕೊಂದು, ಯಾವ ಬಗೆಯ ಪ್ರಶ್ನೆಗೆ ಎಂಬುದು ನನ್ನಲ್ಲೇ ಇರಲಿ. ಸುಳ್ಳನ್ನಂತೂ ಎಂದೂ ಬರೆಯುವುದಿಲ್ಲ. ‘ಅವನು ಸತ್ತಿದ್ದಾನೆ’ ಎಂದು ಬರೆದು ಆಮೇಲೆ ಎಬ್ಬಿಸಿದರೆ ಅಂದಿನಿಂದ ಯಾವ ಉತ್ತರವನ್ನೂ ಯಾರೂ ನಂಬುವುದಿಲ್ಲ.

ಹೆಚ್ಚು ಹೊತ್ತು ತಿನ್ನುವುದು ಎರಡನೆಯ ಮುದ್ರೆ, ‘ಲೆಕ್ಕದಿಂದ ಸಿಗುತ್ತದೆ’ ಎಂಬುದು. ಬರುವ ಪ್ರಶ್ನೆಗಳಲ್ಲಿ ಮೂರರಲ್ಲೊಂದು ಪ್ರಯಾಣದ್ದು ಎಂದರೆ ಹೆಚ್ಚಲ್ಲ. ಒಂದು ಮಾದರಿ ನೋಡಿ. ಮೂರನೆಯ ಸಂಪುಟದಲ್ಲಿ ದೂತ ಕುದುರೆಯ ಮೇಲೆ ಕೋಟೆಯಿಂದ ಗಡಿಗೆ ನಾಲ್ಕು ದಿನದಲ್ಲಿ ಹೋಗುತ್ತಾನೆ. ಐದನೆಯದರಲ್ಲಿ ಮೂರು ಸಾವಿರ ಜನರ ದಂಡು ಅದೇ ದಾರಿಯಲ್ಲಿ ಐದು ದಿನದಲ್ಲಿ ತಲುಪುತ್ತದೆ. ಹೇಗೆ?

ಒಂದೇ ಕುದುರೆಯನ್ನು ಕೊಲ್ಲದೆ ದಿನವೂ ಓಡಿಸಬೇಕಾದರೆ 50 ಕಿ.ಮೀ. ಹಿಡಿಯಿರಿ, ನಾಲ್ಕು ದಿನಕ್ಕೆ 200. ಹೇರು ತುಂಬಿದ ಎತ್ತಿನ ಬಂಡಿ ಗಂಟೆಗೆ ಸುಮಾರು 3 ಕಿ.ಮೀ. ಹೋಗುತ್ತದೆ. ಎತ್ತು ಮೇಯಬೇಕು, ಮೆಲುಕು ಹಾಕಬೇಕು, ಆದ್ದರಿಂದ ದಿನಕ್ಕೆ 15ರ ಆಸುಪಾಸು. ಬಂಡಿ ಜೊತೆಗಿರುವ ದಂಡು ಬಂಡಿಗಿಂತ ವೇಗವಾಗಿ ಹೋಗುವುದಿಲ್ಲ, ಹಾಗಾಗಿ 13 ದಿನಕ್ಕಿಂತ ಕಡಿಮೆ ಸಾಧ್ಯವಿಲ್ಲ. ಬಂಡಿಗಳನ್ನು ಹಿಂದೆ ಬಿಟ್ಟು ನಡೆದರು ಎಂದು ಒಂದು ವಾಕ್ಯ ಸೇರಿಸಿದರೆ? ಕಾಲಾಳು ದಿನಕ್ಕೆ 30 ಹೋದರೂ ಏಳು ದಿನ. ಅಲ್ಲಿಗೆ ಐದು ದಿನದ ಆಸೆ ಬಿಟ್ಟು ಹದಿಮೂರು ಎಂದು ತಿದ್ದಬೇಕು. ತಿದ್ದಿದ ಕೂಡಲೇ ಇನ್ನೊಂದು ತಪ್ಪು ತಲೆ ಎತ್ತುತ್ತದೆ. ಆಳಿಗೆ ದಿನಕ್ಕೆ ಒಂದು ಕಿಲೋ ದವಸವೆಂದರೆ ಮೂರು ಸಾವಿರ ಜನಕ್ಕೆ ಹದಿಮೂರು ದಿನಕ್ಕೆ 39 ಟನ್, ಬಂಡಿಗೆ ಅರ್ಧ ಟನ್ ಹೇರಿದರೆ 78 ಬಂಡಿ. ಪಠ್ಯದಲ್ಲಿ ‘ನಾಲ್ಕಾರು ಬಂಡಿಗಳು’ ಎಂದಿದ್ದರೆ ಅದನ್ನೂ ಹಿಡಿದು ತಿದ್ದಬೇಕು. ಓದುಗರು ಕೇಳಿದ್ದು ಒಂದು, ತಿದ್ದುವುದು ಎರಡು. ಬಹುತೇಕ ಹೀಗೇ ಆಗುತ್ತದೆ.

ಚಂದ್ರನದು ಇನ್ನೊಂದು ಕಾಟ. ಅಮಾವಾಸ್ಯೆ ಕಳೆದು ಮೂರು ದಿನಕ್ಕೆ ಕಾಣುವ ಗೆರೆಚಂದ್ರ ಸೂರ್ಯ ಮುಳುಗಿದ ಎರಡು-ಎರಡೂವರೆ ಗಂಟೆಯೊಳಗೆ ಪಡುವಣದಲ್ಲೇ ಮುಳುಗುತ್ತಾನೆ. ಅವನನ್ನು ನಡುರಾತ್ರಿ ನೆತ್ತಿಯ ಮೇಲೆ ನಿಲ್ಲಿಸಿದರೆ ನಾಳೆಯೇ ಪತ್ರ ಬರುತ್ತದೆ. ನಡುರಾತ್ರಿ ಮೂಡಣದಲ್ಲಿ ಅರ್ಧಚಂದ್ರ ಹುಟ್ಟಬೇಕಾದರೆ ಕೃಷ್ಣಪಕ್ಷದ ಅಷ್ಟಮಿಯ ಆಚೀಚೆಯೇ ಆಗಬೇಕು. ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ ಎಂಬುದೊಂದನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಂಡರೆ ಮುಕ್ಕಾಲು ತಪ್ಪು ಕರಡಿನಲ್ಲೇ ಸಿಗುತ್ತದೆ.

ನಮ್ಮ ಲೋಕಕ್ಕೆ ಎರಡು ಚಂದ್ರ ಎನ್ನುವವರಿಗೂ ಒಂದು ಮಾತು, ಇದನ್ನು ಸುಮ್ಮನೆ ಕುತೂಹಲಕ್ಕೆ ಲೆಕ್ಕ ಹಾಕಿ ನೋಡಿದ್ದು. ಒಂದರ ಹುಣ್ಣಿಮೆಯಿಂದ ಹುಣ್ಣಿಮೆಗೆ 29.5 ದಿನ, ಇನ್ನೊಂದರದು 41 ದಿನ ಇಟ್ಟರೆ ಎರಡೂ ಒಂದೇ ಹಂತಕ್ಕೆ ಬರುವುದು ಸುಮಾರು 105 ದಿನಕ್ಕೊಮ್ಮೆ. ಆದರೆ ಆ ಹಂತ ಹುಣ್ಣಿಮೆಯೇ ಆಗಿರಬೇಕೆಂದಿಲ್ಲ. ‘ಜೋಡಿ ಹುಣ್ಣಿಮೆ ವರ್ಷಕ್ಕೆ ಮೂರು ಸಲ’ ಎಂದು ಭವಿಷ್ಯವಾಣಿಯಲ್ಲಿ ಬರೆದುಬಿಟ್ಟರೆ ಯಾರಾದರೂ ಎಣಿಸಿಯೇ ಎಣಿಸುತ್ತಾರೆ. ಕಥೆಯ ಮೊದಲ ದಿನದಿಂದ ದಿನಗಳನ್ನು ಸಾಲಾಗಿ ಬರೆದು, ಎರಡು ಕಂಬಗಳಲ್ಲಿ ಎರಡು ಅವಧಿಗಳಿಂದ ಭಾಗಿಸಿ ಉಳಿದ ಶೇಷ ನೋಡಿದರೆ ಸಾಕು.

ಮಂತ್ರಗಳ ವಿಷಯ ಬೇಗ ಮುಗಿಸುತ್ತೇನೆ. ‘ಮಂತ್ರ ಹಾಕಿ ಕೋಟೆಬಾಗಿಲು ತೆರೆದವನು ಸೆರೆಮನೆಯಲ್ಲಿ ಏಕೆ ಕುಳಿತಿದ್ದ?’ ಇಂಥದಕ್ಕೆ ಪತ್ರದಲ್ಲಿ ಹೊಸ ನಿಯಮ ಕಟ್ಟಬೇಡಿ. ಪ್ರತಿ ಪ್ರಯೋಗಕ್ಕೂ ಯಾರು, ಏನು ತೆತ್ತರು, ಏನು ಆಗಲಿಲ್ಲ ಎಂದು ಸಾಲು ಇಡಿ. ಅಚ್ಚಿನಲ್ಲಿ ಕಾರಣ ಇಲ್ಲದಿದ್ದರೆ ನಾಲ್ಕನೆಯ ಮುದ್ರೆ ಒತ್ತಿ, ಮುಂದಿನ ಸಂಪುಟದಲ್ಲಿ ಕಾರಣ ಕೊಡಿ.

ಹಳೆಯ ಸಂಪುಟಗಳಲ್ಲಿ ಹುಡುಕುವುದೇ ಒಂದು ಕಸುಬು. ಹಳೆಯ ನುಡಿ ಫಾಂಟಿನ ಕಡತಗಳನ್ನು ಯೂನಿಕೋಡಿಗೆ ತಂದಾಗ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕದಲುತ್ತವೆ. ಅಂಥ ಕಡೆ ಹುಡುಕಾಟ ‘ಇಲ್ಲ’ ಎನ್ನುತ್ತದೆ, ಸಂಗತಿ ಮಾತ್ರ ಅಲ್ಲೇ ಕುಳಿತಿರುತ್ತದೆ. ವಿಭಕ್ತಿಯ ತೊಡಕು ಬೇರೆ. ‘ನೀಲೂರು’ ಎಂದು ಹುಡುಕಿದರೆ ನೀಲೂರಿನ, ನೀಲೂರಿಗೆ, ನೀಲೂರಲ್ಲಿ ಯಾವುದೂ ಸಿಗುವುದಿಲ್ಲ. ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲಿ ಕೊನೆಯ ಕೊಂಬು ತೆಗೆದು ‘ನೀಲೂರ’ ಎಂದು ಹುಡುಕಿ, ಎಲ್ಲವೂ ಬರುತ್ತವೆ. ಹೆಸರು ಬದಲಿಸುವಾಗ ಇನ್ನೂ ಎಚ್ಚರ ಬೇಕು. ‘ಭದ್ರ’ನನ್ನು ‘ಮಾರುತಿ’ ಮಾಡಲು ಒಟ್ಟಿಗೆ ಬದಲಿಸಿದರೆ ‘ಭದ್ರನಿಗೆ’ ಹೋಗಿ ‘ಮಾರುತಿನಿಗೆ’ ಆಗುತ್ತದೆ, ‘ಬಾಗಿಲು ಭದ್ರವಾಗಿತ್ತು’ ಎನ್ನುವುದು ‘ಬಾಗಿಲು ಮಾರುತಿವಾಗಿತ್ತು’ ಆಗುತ್ತದೆ. ಅಕಾರಾಂತ ಗಂಡು ಹೆಸರಿಗೆ ಬದಲು ಅಕಾರಾಂತ ಗಂಡು ಹೆಸರನ್ನೇ ಆರಿಸಿದರೆ ಅರ್ಧ ಕೆಲಸ ಉಳಿಯುತ್ತದೆ. ಉಳಿದರ್ಧ ಕಣ್ಣಿನದೇ.

ಇನ್ನು ‘ತಪ್ಪಾಗಿದೆ’ ಎಂಬ ಮುದ್ರೆ. ದಾರಿ ಎರಡಿವೆ, ಎರಡನ್ನೂ ದೊಡ್ಡವರು ತುಳಿದಿದ್ದಾರೆ. ಟೋಲ್ಕಿನ್ ಅವರ ‘ದ ಹಾಬಿಟ್’ 1937ರಲ್ಲಿ ಬಂತು. ಮುಂದಿನ ಕಥೆಯಾದ ‘ದ ಲಾರ್ಡ್ ಆಫ್ ದ ರಿಂಗ್ಸ್’ನ ಉಂಗುರಕ್ಕೆ ಇದರಲ್ಲಿನ ಒಗಟುಗಳ ಅಧ್ಯಾಯ ಹೊಂದದಿದ್ದಾಗ 1951ರ ಎರಡನೆಯ ಆವೃತ್ತಿಯಲ್ಲಿ ಅದನ್ನು ತಿದ್ದಿ, ಹಳೆಯ ಪಾಠ ಕಥಾನಾಯಕ ಬಿಲ್ಬೊ ತಾನೇ ತಿರುಚಿ ಹೇಳಿದ್ದು ಎಂದು ಕಥೆಯೊಳಗೇ ಕಾರಣ ಕೊಟ್ಟರು. ಕಾನನ್ ಡಾಯ್ಲ್ ಅವರ ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಗೆಳೆಯ ವಾಟ್ಸನ್‌ಗೆ ಮೊದಲ ಕಾದಂಬರಿಯಲ್ಲಿ ಗುಂಡು ಬಿದ್ದದ್ದು ಭುಜಕ್ಕೆ, ಎರಡನೆಯದರಲ್ಲಿ ಗಾಯ ಕಾಲಿಗೆ. ಅದಕ್ಕೆ ಕಾರಣವೇ ಸಿಗಲಿಲ್ಲ. ನನ್ನ ಮತ ಟೋಲ್ಕಿನ್ ಕಡೆಗೆ. ‘ಹೇಳಿದವರು ಯಾರು’ ಎಂಬ ಕಂಬ ಇಲ್ಲಿ ದುಡಿಯುತ್ತದೆ: ತಪ್ಪು ಸಂಗತಿ ಪಾತ್ರದ ಬಾಯಲ್ಲಿದ್ದರೆ ಪುಸ್ತಕ ಮುಟ್ಟುವುದೇ ಬೇಡ, ಆ ಪಾತ್ರಕ್ಕೆ ತಪ್ಪು ತಿಳಿದಿತ್ತು ಎಂದರೆ ಮುಗಿಯಿತು. ನಿರೂಪಕನ ಬಾಯಲ್ಲಿದ್ದರೆ ಮಾತ್ರ ಅಚ್ಚು ತಿದ್ದಬೇಕು.

ಅಲ್ಲಿ ಖರ್ಚು ಶುರು. ಆಫ್‌ಸೆಟ್‌ನಲ್ಲಿ 16 ಪುಟದ ಒಂದು ಫಾರಂಗೆ, ಅಂದರೆ ಎರಡೂ ಬದಿ ಅಚ್ಚಾಗಿ ಮಡಚುವ ಒಂದು ದೊಡ್ಡ ಹಾಳೆಗೆ, ಎರಡು ಪ್ಲೇಟು (ಅಚ್ಚಿನ ತಗಡು), ಒಂದರಲ್ಲಿ 8 ಪುಟ. ಹಳೆಯ ಪ್ಲೇಟು ಉಳಿಸಿಕೊಂಡು ಮರುಮುದ್ರಣ ಮಾಡುವಾಗ ಒಂದಕ್ಷರ ತಿದ್ದಿದರೂ ಇಡೀ ಪ್ಲೇಟು ಹೊಸದು. ಹಾಗಾಗಿ ತಿದ್ದುಪಡಿಗಳನ್ನು ಅಧ್ಯಾಯದ ಕ್ರಮದಲ್ಲಿ ಕೊಡದೆ ಪ್ಲೇಟಿನ ಲೆಕ್ಕದಲ್ಲಿ ಗುಂಪು ಮಾಡುತ್ತೇನೆ. ಒಂದೇ ಪ್ಲೇಟಿನಲ್ಲಿ ನಾಲ್ಕು ತಪ್ಪು ಇದ್ದರೆ ತಿದ್ದುವುದು, ಒಂಟಿ ತಪ್ಪಾದರೆ ಮುಂದಿನ ಮುದ್ರಣಕ್ಕೆ ಕಾಯುವುದು. ತಿದ್ದಿದ ಪ್ಯಾರಾ ಹಳೆಯಷ್ಟೇ ಸಾಲಿನಲ್ಲಿ ಕೂರಬೇಕು. ‘ಐದನೆಯ ದಿನ’ ಹೋಗಿ ‘ಹದಿಮೂರನೆಯ ದಿನ’ ಬಂದಾಗ ಪ್ಯಾರಾದ ಕೊನೆಯ ಸಾಲು ತುಂಬಿದ್ದರೆ ಒಂದು ಸಾಲು ಉಕ್ಕುತ್ತದೆ, ಅಲ್ಲಿಂದ ಅಧ್ಯಾಯದ ಕೊನೆಯವರೆಗೆ ಪುಟಗಳೆಲ್ಲ ಕದಲುತ್ತವೆ, ಒಂದು ಪ್ಲೇಟಿನ ಖರ್ಚು ನಾಲ್ಕಾಗುತ್ತದೆ. ಆಗ ಅದೇ ಪ್ಯಾರಾದಲ್ಲಿ ಒಂದು ವಿಶೇಷಣವನ್ನು ಬಲಿ ಕೊಡುವುದು. ವಿಶೇಷಣ ಯಾವತ್ತೂ ಹೆಚ್ಚೇ ಇರುತ್ತದೆ. ಇ-ಪುಸ್ತಕವನ್ನು ಮೊದಲೇ ತಿದ್ದಿಬಿಟ್ಟರೆ ಎರಡು ಪಾಠ ಚಲಾವಣೆಗೆ ಬರುತ್ತವೆ. ಅದಕ್ಕೇ ಹಕ್ಕುಸ್ವಾಮ್ಯದ ಪುಟದಲ್ಲಿ ಪರಿಷ್ಕರಣೆಯ ತಿಂಗಳು ಹಾಕಿಸುತ್ತೇನೆ, ತಕರಾರು ಬಂದರೆ ಮೊದಲ ಪ್ರಶ್ನೆ ಅದೇ.

ಉತ್ತರಗಳನ್ನೇ ಕಿರುಪುಸ್ತಕ ಮಾಡಿ ಮಾರುವುದು ಕೈ ಸುಡುವ ಯೋಜನೆ. ಮೂರು ಫಾರಂ, 48 ಪುಟ ತಂದಾಗ ಮೂರನೇ ಎರಡು ಪಾಲು ಗೋದಾಮಿನಲ್ಲೇ ಉಳಿಯಿತು. ತೆಳು ಪುಸ್ತಕಕ್ಕೆ ಬೆನ್ನೇ ಇರುವುದಿಲ್ಲ, ಅಂಗಡಿಯ ಕಪಾಟಿನಲ್ಲಿ ಹೆಸರೂ ಕಾಣುವುದಿಲ್ಲ. ಅದೇ ಸಾಮಗ್ರಿ ಮರುಮುದ್ರಣದ ಕೊನೆಯಲ್ಲಿ ಬಿಟ್ಟಿಯಾಗಿ ಸೇರುತ್ತದೆ: ಪಠ್ಯ 375ನೇ ಪುಟಕ್ಕೆ ಮುಗಿದರೆ 24 ಫಾರಂ, ಅಂದರೆ 384 ಪುಟ ಹೇಗೂ ಅಚ್ಚಾಗುತ್ತದೆ, 9 ಪುಟ ಖಾಲಿ. ಆ ಒಂಬತ್ತರಲ್ಲಿ ಆ ಸಂಪುಟಕ್ಕಷ್ಟೇ ಸೇರಿದ ಪ್ರಶ್ನೋತ್ತರ ಹಾಕಿಸಿದೆ. ಮುಖಪುಟದ ಮೇಲೆ ‘ಓದುಗರ ಪ್ರಶ್ನೆಗಳೊಂದಿಗೆ’ ಎಂಬ ಒಂದು ಸಾಲು. ಹಳೆಯ ಪ್ರತಿ ಇದ್ದವರೂ ಕೊಂಡರು, ಪ್ರಕಾಶಕರು ಅಂದಿನಿಂದ ತಕರಾರು ಎತ್ತಿಲ್ಲ.

ಪಾತ್ರಗಳ ದನಿಯಲ್ಲೇ ಉತ್ತರ ಬರೆಯುವ ಆಟವೂ ಆಡಿ ನೋಡಿದ್ದಾಯಿತು. ಓದಲು ಸೊಗಸು. ಆದರೆ ಮಂತ್ರಿ ತನ್ನ ಲಾಭಕ್ಕೆ ಹೇಳಿದ ಮಾತನ್ನು ಓದುಗರು ಲೇಖಕರ ಮಾತೆಂದು ಎತ್ತಿ ಹಿಡಿಯುತ್ತಾರೆ, ಆಮೇಲೆ ಅದನ್ನು ಅಲ್ಲಗಳೆಯುವುದೇ ಕೆಲಸವಾಗುತ್ತದೆ. ಈಗ ಬರೆದರೂ ಅಚ್ಚಿನಲ್ಲಿರುವುದಕ್ಕೆ ಮಾತ್ರ. ಅದಕ್ಕಿಂತ ಲಾಭ ತಂದದ್ದು ಇನ್ನೊಂದು. ಪ್ರಶ್ನೆಗಳನ್ನು ಅಧ್ಯಾಯವಾರು ಎಣಿಸಿದರೆ ಕಥೆ ಎಲ್ಲಿ ಮಸುಕಾಗಿದೆ ಎಂದು ಗೊತ್ತಾಗುತ್ತದೆ. ಒಂದೇ ಅಧ್ಯಾಯದ ಬಗ್ಗೆ ‘ಅವನು ಯಾರು’ ಎಂಬ ಪ್ರಶ್ನೆ ಹತ್ತಾರು ಬಂದರೆ ಅದು ಗುಟ್ಟಲ್ಲ, ಗೊಂದಲ. ಮುಂದಿನ ಸಂಪುಟದ ಮೊದಲ ಮೂವತ್ತು ಪುಟಗಳಲ್ಲಿ ಆ ಹೆಸರನ್ನು ಮತ್ತೆ ಪರಿಚಯ ಮಾಡಿಸುತ್ತೇನೆ. ದಾಖಲೆಯನ್ನು ಹಿಡಿದು ಹಸ್ತಪ್ರತಿ ಪರಿಶೀಲಿಸುವವರಿಗೆ ರಾಯಧನದಲ್ಲಿ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಹೋಗುತ್ತದೆ. ಪ್ಲೇಟುಗಳಿಗೆ ಸುರಿಯುತ್ತಿದ್ದುದಕ್ಕಿಂತ ಅದು ಕಡಿಮೆಯೇ.

ಎಲ್ಲಕ್ಕಿಂತ ಹೆಚ್ಚು ಬರುವ ‘ಮುಂದಿನ ಸಂಪುಟ ಯಾವಾಗ’ ಎಂಬುದಕ್ಕೆ ಐದು ಮುದ್ರೆಗಳಲ್ಲಿ ಯಾವುದೂ ಹೊಂದುವುದಿಲ್ಲ. ಅದಕ್ಕೆ ಹಂತ ಮಾತ್ರ ಹೇಳುತ್ತೇನೆ: ಕರಡು, ಪರಿಶೀಲನೆ, ಎರಡನೆಯ ಪ್ರೂಫ್, ಅಚ್ಚು. ತಾರೀಖು ಕೊಡುವುದು ಕೊನೆಯ ಫಾರಂ ಅಚ್ಚಾಗಿ ಬೈಂಡಿಂಗ್‌ಗೆ ಹೋದ ಮೇಲೆಯೇ.