ಪೆನ್‌ಡ್ರೈವ್‌ಗೆ ಒಂದೇ ಅಕ್ಷರ ಗಟ್ಟಿ ಮಾಡಿಕೊಳ್ಳಿ

ಲಗ್ನದ ಸೀಸನ್ ಬಂತೆಂದರೆ ಬಾಗಲಕೋಟೆ ನವನಗರದ ಡಿಟಿಪಿ ಅಂಗಡಿಗಳಿಗೆ ಬಿಡುವಿಲ್ಲ. ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ ಕಟ್ಟಿ, ಪೆನ್‌ಡ್ರೈವ್‌ನಲ್ಲಿರುವ ಮನೆದೇವರ ಫೋಟೊ ಲಿಂಕ್ ಮಾಡಿರುತ್ತೀರಿ. ಮರುದಿನ ತೆರೆದರೆ ಫೋಟೊ ಸಿಗುತ್ತಿಲ್ಲ ಅನ್ನುತ್ತದೆ. ಫೋಟೊ ಅಲ್ಲೇ ಇದೆ. ಚುಚ್ಚಿದ ಪ್ರತಿ ಡ್ರೈವ್‌ಗೂ ವಿಂಡೋಸ್ ಒಂದು ಇಂಗ್ಲಿಷ್ ಅಕ್ಷರ ಕೊಡುತ್ತದೆ. ನಿನ್ನೆ ನಿಮ್ಮದು ‘ಎಫ್’ ಆಗಿತ್ತು. ಆದರೆ ಬೇರೆ ಯಾವುದೋ ಮೆಮೊರಿ ಕಾರ್ಡ್ ಮೊದಲೇ ‘ಎಫ್’ ಹಿಡಿದಿದ್ದರಿಂದ ನಿಮ್ಮ ಡ್ರೈವ್ ಇವತ್ತು ‘ಜಿ’ ಆಗಿದೆ. ಲಿಂಕ್ ಹಳೇ ಅಕ್ಷರವನ್ನೇ ಹುಡುಕುತ್ತದೆ.

ವಿಂಡೋಸ್‌ನಲ್ಲಿ ಇದನ್ನು ಸರಿ ಮಾಡುವುದು ಸುಲಭ. ಅಡ್ಮಿನಿಸ್ಟ್ರೇಟರ್ ಆಗಿ ಲಾಗಿನ್ ಆಗಿ, ಡ್ರೈವ್ ಚುಚ್ಚಿ. ಅದರಲ್ಲಿರುವ ಫೈಲ್‌ಗಳನ್ನೆಲ್ಲ ಮುಚ್ಚಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಕೆಳಗಿನ ಅರ್ಧದಲ್ಲಿ ‘ರಿಮೂವಬಲ್’ ಎಂದಿರುವುದೇ ಪೆನ್‌ಡ್ರೈವ್. ಎಷ್ಟು ಜಿಬಿ ಎಂದು ನೋಡಿ ಖಾತ್ರಿ ಮಾಡಿಕೊಳ್ಳಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್’, ಆಮೇಲೆ ‘ಚೇಂಜ್’ ಒತ್ತಿ, ‘ಪಿ’ ಆರಿಸಿ. ಅದೇ ಮೆನುವಿನಲ್ಲಿ ‘ಫಾರ್ಮ್ಯಾಟ್’ ಕೂಡ ಇದೆ. ಅದನ್ನು ಒತ್ತಿದರೆ ಕೆಲಸವೆಲ್ಲ ಅಳಿಸಿಹೋಗುತ್ತದೆ, ಜೋಪಾನ. ‘ಪಿ’ ಯಾಕೆ? ವಿಂಡೋಸ್ ಅಕ್ಷರ ಹಂಚುವುದು ಅಕ್ಷರಮಾಲೆಯ ಮೊದಲ ಕಡೆಯಿಂದ. ಆಫೀಸುಗಳಲ್ಲಿ ನೆಟ್‌ವರ್ಕ್ ಡ್ರೈವ್‌ಗಳು ಸಾಮಾನ್ಯವಾಗಿ ‘ಝಡ್’ ಕಡೆಯಿಂದ ಬರುತ್ತವೆ. ನಡುವಿನ ಅಕ್ಷರಕ್ಕೆ ಪೈಪೋಟಿ ಕಡಿಮೆ.

ಒಂದು ಮಾತು ಮುಖ್ಯ. ಈ ಅಕ್ಷರ ಉಳಿಯುವುದು ಆ ಕಂಪ್ಯೂಟರಿನ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ), ಪೆನ್‌ಡ್ರೈವ್‌ನಲ್ಲಿ ಅಲ್ಲ. ಹಾಗಾಗಿ ಪ್ರೆಸ್‌ನ ಕಂಪ್ಯೂಟರಿನಲ್ಲೂ ಒಮ್ಮೆ ‘ಪಿ’ ಕೊಡಬೇಕು. ಕೆಲವು ಅಗ್ಗದ ಪೆನ್‌ಡ್ರೈವ್‌ಗಳೊಳಗೆ ಸೀರಿಯಲ್ ನಂಬರೇ ಇರುವುದಿಲ್ಲ. ಅಂಥವನ್ನು ಬೇರೆ ಪೋರ್ಟ್‌ಗೆ ಚುಚ್ಚಿದರೆ ವಿಂಡೋಸ್ ಹೊಸದೆಂದೇ ತಿಳಿಯುತ್ತದೆ. ಯಾವಾಗಲೂ ಅದೇ ಪೋರ್ಟ್ ಬಳಸಿ.

ಡ್ರೈವ್ ಜೊತೆಗೇ ಊರೂರು ಸುತ್ತುವುದು ಅದರ ಹೆಸರು. ‘ದಿಸ್ ಪಿಸಿ’ಯಲ್ಲಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರೀನೇಮ್’ ಒತ್ತಿ ಅಂಗಡಿಯ ಹೆಸರು ಕೊಡಿ. ಡ್ರೈವ್‌ನಲ್ಲಿ ಫೈಲ್ ಜೋಡಿಸಿಡುವ ಪದ್ಧತಿಗಳು ಬೇರೆ ಬೇರೆ: ಫ್ಯಾಟ್32 ಮತ್ತು ಎಕ್ಸ್‌ಫ್ಯಾಟ್ ಡ್ರೈವ್‌ಗಳಲ್ಲಿ 11 ಅಕ್ಷರ, ಎನ್‌ಟಿಎಫ್‌ಎಸ್‌ನಲ್ಲಿ 32 ಹಿಡಿಯುತ್ತವೆ. ಪ್ರೆಸ್ ಟೇಬಲ್ ಮೇಲೆ ಒಂದೇ ಥರದ ನಾಲ್ಕು ಪೆನ್‌ಡ್ರೈವ್ ಬಿದ್ದಿರುತ್ತವೆ ಅಲ್ವಾ, ಆಗ ಕೈಹಿಡಿಯುವುದು ಇದೇ.

ಇನ್ನು ಕೀಳುವ ವಿಷಯ. ವಿಂಡೋಸ್ 10ರ 1809 ಆವೃತ್ತಿಯಿಂದ ‘ಕ್ವಿಕ್ ರಿಮೂವಲ್’ ತಾನಾಗಿಯೇ ಇರುತ್ತದೆ, ಅಂದರೆ ‘ಸೇಫ್ಲಿ ರಿಮೂವ್’ ಒತ್ತದೆಯೂ ಕೀಳಬಹುದು. ಡಿಸ್ಕ್‌ನ ‘ಪ್ರಾಪರ್ಟೀಸ್’ನಲ್ಲಿ ‘ಪಾಲಿಸೀಸ್’ ತೆರೆದು ‘ಬೆಟರ್ ಪರ್ಫಾರ್ಮೆನ್ಸ್’ಗೆ ಬದಲಾಯಿಸಿದ್ದರೆ, ‘ಸೇಫ್ಲಿ ರಿಮೂವ್’ ಮಾಡದೆ ಕೀಳಲೇಬೇಡಿ. ಕಾಪಿ ನಡೆಯುತ್ತಿರುವಾಗಲಂತೂ ಎರಡರಲ್ಲೂ ಕೀಳಬಾರದು.

ಲಿನಕ್ಸ್ ಬಳಸುವವರಿಗೆ ಇನ್ನೊಂದು ಅನುಕೂಲವಿದೆ. ಡ್ರೈವ್ ಇಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ಪದ್ಧತಿ) ಆಗಿದ್ದರೆ, ‘ಟ್ಯೂನ್2ಎಫ್‌ಎಸ್’ ಎಂಬ ಸಾಧನದಿಂದ ಕೆಲವು ಮೌಂಟ್ ಸೆಟ್ಟಿಂಗ್‌ಗಳನ್ನು (ಡ್ರೈವನ್ನು ಹೇಗೆ ತೆರೆಯಬೇಕು ಎಂಬುದನ್ನು) ಡ್ರೈವ್‌ನೊಳಗೇ ಬರೆದಿಡಬಹುದು. ಯಾವ ಲಿನಕ್ಸ್ ಯಂತ್ರಕ್ಕೆ ಹಾಕಿದರೂ ಅವು ಜೊತೆಗೆ ಹೋಗುತ್ತವೆ. ಆದರೆ ಅಂಥ ಡ್ರೈವನ್ನು ವಿಂಡೋಸ್ ತಾನಾಗಿ ಓದುವುದಿಲ್ಲ. ಪ್ರೆಸ್‌ಗೆ ಓಡಾಡುವ ಪೆನ್‌ಡ್ರೈವ್ ಎಕ್ಸ್‌ಫ್ಯಾಟ್‌ನಲ್ಲೇ ಇರಲಿ.